ಎಣ್ಣೆಗೆಂಪಿಗೆ ಒಪ್ಪುವ ಫೌಂಡೇಶನ್

ಮುಖದ ಕಲೆಗಳನ್ನೂ ಬಣ್ಣದ ಏರುಪೇರುಗಳನ್ನೂ ತೆಳುವಾಗಿ ಮರೆಮಾಡಿ, ಮುಂದಿನ ಅಲಂಕಾರಕ್ಕೆಲ್ಲ ನೆಲೆಯಾಗುವ ಲೇಪಕ್ಕೆ ಫೌಂಡೇಶನ್ ಎಂದು ಹೆಸರು. ಚರ್ಮವನ್ನು ಬಿಳುಪಾಗಿಸುವುದು ಅದರ ಕೆಲಸವಲ್ಲ. ಆದರೂ ಅಂಗಡಿಗೆ ಹೋದವರು ತಮ್ಮ ಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದುದನ್ನೇ ಕೊಳ್ಳುವ ರೂಢಿ ಇನ್ನೂ ಅಳಿದಿಲ್ಲ, ಮಾರುವವರೂ ಅದನ್ನೇ ಮುಂದೆ ಮಾಡುತ್ತಾರೆ. ಕೆನ್ನೆಯಂಚಿನಲ್ಲಿ ಗೆರೆ ಎಳೆದಂತೆ ಮುಖವೊಂದು ಬಣ್ಣ, ಕತ್ತೊಂದು ಬಣ್ಣವಾಗಿ ಕಾಣುವುದಕ್ಕೆ ಬಹುಮಟ್ಟಿಗೆ ಈ ಆಯ್ಕೆಯೇ ಕಾರಣ.

ಮೈಬಣ್ಣವನ್ನು ಗುರುತಿಸುವ ವಿಷಯದಲ್ಲಿ ಕನ್ನಡದ ಆಡುಮಾತು ಅಂಗಡಿಯ ಶೇಡ್ ಪಟ್ಟಿಗಿಂತ ಸೂಕ್ಷ್ಮವಾಗಿದೆ. ಎಣ್ಣೆಗೆಂಪು ಎಂಬ ಒಂದೇ ಮಾತಿನಲ್ಲಿ ಬಣ್ಣ ಎಷ್ಟು ಗಾಢವಾಗಿದೆ, ಅದರೊಳಗೆ ಯಾವ ರಂಗು ಮಿನುಗುತ್ತಿದೆ, ಮೇಲ್ಮೈಗೆ ಎಂಥ ಹೊಳಪಿದೆ ಎಂಬ ಮೂರೂ ಸಂಗತಿಗಳು ಅಡಗಿವೆ. ಗೋಧಿಬಣ್ಣ ಎಂದಾಗ ಹಳದಿಯ ಸುಳಿವು ತಾನಾಗಿಯೇ ಬರುತ್ತದೆ. ಫೌಂಡೇಶನ್ ಆರಿಸುವಾಗ ನೋಡಬೇಕಾದುದು ಈ ಮೂರನ್ನೇ. ಇವುಗಳಲ್ಲಿ ಎರಡನೆಯದನ್ನು ಪ್ರಸಾಧನ ತಜ್ಞರು ಅಂಡರ್‌ಟೋನ್ ಎನ್ನುತ್ತಾರೆ, ಕನ್ನಡದಲ್ಲಿ ಒಳವರ್ಣ ಎನ್ನಬಹುದು. ಬಿಸಿಲಿಗೆ ಚರ್ಮ ಕಪ್ಪೇರಿದರೂ ಒಳಗಿನ ಹಳದಿ, ಕೆಂಪು ಅಥವಾ ಹಸಿರು ಮಿಶ್ರಿತ ಛಾಯೆ ಹೆಚ್ಚು ಬದಲಾಗುವುದಿಲ್ಲ. ಗಾಢತೆ ಸರಿಹೊಂದಿ ಒಳವರ್ಣ ತಪ್ಪಿದರೂ ಮುಖ ಮುಖವಾಡದಂತೆ ತೋರುತ್ತದೆ. ಮಣಿಕಟ್ಟಿನ ನರ ಹಸಿರೋ ನೀಲಿಯೋ ಎಂದು ನೋಡಿ ಒಳವರ್ಣವನ್ನು ನಿರ್ಧರಿಸುವ ಪದ್ಧತಿಯೊಂದಿದೆ. ನರವೇ ಸ್ಪಷ್ಟವಾಗಿ ಕಾಣದ ಗಾಢ ಚರ್ಮದಲ್ಲಿ ಅದನ್ನು ನಂಬುವಂತಿಲ್ಲ.

ಬಾಟಲಿಯೊಳಗಿನ ಬಣ್ಣಗಳು ಬಹುಪಾಲು ನಾಲ್ಕೇ: ಬಿಳಿಯ ಟೈಟಾನಿಯಂ ಡೈಆಕ್ಸೈಡ್ ಮತ್ತು ಕೆಂಪು, ಹಳದಿ, ಕಪ್ಪು ಬಣ್ಣದ ಮೂರು ಐರನ್ ಆಕ್ಸೈಡ್‌ಗಳು. ತಿಳಿ ಚರ್ಮಕ್ಕೆಂದು ಸಿದ್ಧವಾದ ಮಿಶ್ರಣಕ್ಕೆ ಕಪ್ಪನ್ನಷ್ಟೇ ಕೂಡಿಸಿ ಗಾಢ ಶೇಡ್ ಮಾಡಿದರೆ, ಬಿಳಿಯ ಅಂಶ ಒಳಗೇ ಉಳಿದು, ಹಚ್ಚಿದಾಗ ಮುಖಕ್ಕೆ ಬೂದಿ ಬಳಿದಂತಾಗುತ್ತದೆ. ಕಪ್ಪು ಚರ್ಮದ ಚೆಲುವನ್ನು ಹೀಗೆ ಮಂಕು ಮಾಡುವುದು ತಯಾರಿಕೆಯ ದೋಷವೇ ಹೊರತು ಚರ್ಮದ ದೋಷವಲ್ಲ. 2017ರಲ್ಲಿ ಫೆಂಟಿ ಬ್ಯೂಟಿ ಸಂಸ್ಥೆ ಒಮ್ಮೆಗೇ 40 ಶೇಡ್‌ಗಳನ್ನು ಮಾರುಕಟ್ಟೆಗೆ ತಂದ ಮೇಲೆ ಉಳಿದ ತಯಾರಕರೂ ಗಾಢ ಬಣ್ಣಗಳತ್ತ ಗಮನ ಹರಿಸಬೇಕಾಯಿತು. ಯಕ್ಷಗಾನದ ಚೌಕಿಯಲ್ಲಾದರೋ ಕಲಾವಿದರು ಬಿಳಿ, ಹಳದಿ, ಕೆಂಪು ಪುಡಿಗಳನ್ನು ತೆಂಗಿನೆಣ್ಣೆಯಲ್ಲಿ ಕಲಸಿ, ಪಾತ್ರಕ್ಕೂ ಮುಖಕ್ಕೂ ತಕ್ಕಂತೆ ಹದ ನೋಡಿಕೊಂಡು ತಮ್ಮ ಬಣ್ಣವನ್ನು ತಾವೇ ಸಿದ್ಧಪಡಿಸಿಕೊಳ್ಳುತ್ತ ಬಂದಿದ್ದಾರೆ.

ಪರೀಕ್ಷೆಗೆ ಅಂಗೈ ಹಿಂಭಾಗವಾಗಲಿ ಮಣಿಕಟ್ಟಾಗಲಿ ತಕ್ಕ ಜಾಗವಲ್ಲ, ಏಕೆಂದರೆ ಅವುಗಳ ಬಣ್ಣ ಮುಖದ ಬಣ್ಣಕ್ಕೆ ಹೊಂದುವುದು ಅಪರೂಪ. ಹತ್ತಿರ ಹತ್ತಿರದ ಮೂರು ಶೇಡ್‌ಗಳನ್ನು ಕೆನ್ನೆಯ ಕೆಳಗಿನಿಂದ ದವಡೆಯ ಮೂಳೆ ದಾಟಿ ಕತ್ತಿನವರೆಗೆ ಬೆರಳಗಲದ ಪಟ್ಟಿಗಳಾಗಿ ಎಳೆದು, ಅಂಗಡಿಯ ಬಾಗಿಲ ಬಳಿ ಬಂದು ಹಗಲ ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಬೇಕು. ಒಂದು ಪಟ್ಟಿ ಸುಣ್ಣದಂತೆ ಎದ್ದು ಕಾಣುತ್ತದೆ, ಇನ್ನೊಂದು ಇಟ್ಟಿಗೆಯಂತೆ ಕೆಂಪಾಗಿ ನಿಲ್ಲುತ್ತದೆ. ಅಂಚೆಲ್ಲಿದೆ ಎಂದು ಹುಡುಕಬೇಕಾದ ಪಟ್ಟಿಯೇ ಆ ಚರ್ಮಕ್ಕೆ ಸೇರಿದ್ದು. ಆದರೆ ಕೂಡಲೇ ಹಣ ಕೊಡುವುದು ತರವಲ್ಲ. ಲೇಪದ ದ್ರವ ಆರಿ, ಚರ್ಮದ ಜಿಡ್ಡು ಅದರೊಡನೆ ಬೆರೆತಾಗ ಬಣ್ಣ ತುಸು ಗಾಢವಾಗುವುದುಂಟು. ಬಳಕೆದಾರರು ಇದನ್ನು ಆಕ್ಸಿಡೈಸ್ ಆಗುವುದು ಎನ್ನುತ್ತಾರೆ. ಅರ್ಧ ಗಂಟೆ ಓಡಾಡಿ ಬಂದು ಮತ್ತೆ ನೋಡಿದರೆ ನಿಜವಾದ ಬಣ್ಣ ತಿಳಿಯುತ್ತದೆ. ಹಣೆ ಮತ್ತು ಬಾಯಿಯ ಸುತ್ತ ಕಪ್ಪು ಹೆಚ್ಚಿರುವವರು ಆ ಭಾಗಗಳನ್ನು ಬಿಟ್ಟು ಕತ್ತಿನ ಬಣ್ಣವನ್ನೇ ಅಳತೆಯಾಗಿ ಹಿಡಿಯುವುದು ಲೇಸು.

ಚರ್ಮದ ಸ್ವಭಾವವೂ ಲೆಕ್ಕಕ್ಕೆ ಬರಬೇಕು. ಉಡುಪಿ, ಮಂಗಳೂರಿನ ಬೆವರಿನ ಹವೆಯಲ್ಲಿ ಜಿಡ್ಡು ಚರ್ಮಕ್ಕೆ ಹೊಳಪಿಲ್ಲದ ಮ್ಯಾಟ್ ಬಗೆ ನಿಲ್ಲುತ್ತದೆ. ಬಯಲುಸೀಮೆಯ ಚಳಿಗಾಲದ ಒಣ ಚರ್ಮದ ಮೇಲೆ ಅದೇ ಲೇಪ ಬಿರಿದ ಕೆರೆಯಂಗಳದಂತೆ ಸೀಳುತ್ತದೆ. ನೀರು ಪ್ರಧಾನವಾದ ಲೇಪವನ್ನು ಸಿಲಿಕೋನ್ ಪ್ರಧಾನವಾದ ಸನ್‌ಸ್ಕ್ರೀನಿನ ಮೇಲೆ ಹಚ್ಚಿದರೆ, ರಬ್ಬರಿನಿಂದ ಅಳಿಸಿದಾಗ ಉದುರುವ ಚೂರುಗಳಂತೆ ಕಿತ್ತು ಬರುವುದುಂಟು. ಬಂಗು ಇರುವ ಕೆನ್ನೆಗೆ ದಪ್ಪ ಲೇಪ ಮದ್ದಲ್ಲ. ಕಿತ್ತಳೆ ಛಾಯೆಯ ಕರೆಕ್ಟರನ್ನು ಕಲೆಯ ಮೇಲಷ್ಟೇ ತೆಳುವಾಗಿ ತಟ್ಟಿ, ಅದರ ಮೇಲೆ ಫೌಂಡೇಶನ್ ಹಚ್ಚಿದರೆ ಕಲೆ ಹಿಂದೆ ಸರಿಯುತ್ತದೆ, ಚರ್ಮ ಚರ್ಮವಾಗಿಯೇ ಉಳಿಯುತ್ತದೆ.

ಮದುವೆಗೆಂದು ಕೊಳ್ಳುವವರಿಗೆ ಇನ್ನೊಂದು ಪರೀಕ್ಷೆ ಬಾಕಿಯಿದೆ. ಟೈಟಾನಿಯಂ ಅಥವಾ ಜಿಂಕ್ ಹೆಚ್ಚಿರುವ ಲೇಪ ಹಗಲಿನಲ್ಲಿ ಚೆನ್ನಾಗಿ ಕಂಡರೂ ಫ್ಲ್ಯಾಷ್ ಬೆಳಕನ್ನು ಹಿಂದಕ್ಕೆ ಚಿಮ್ಮಿಸಿ ಮುಖವನ್ನು ಬಿಳಿಚಿಸಬಲ್ಲದು. ವಾರ ಮುಂಚೆಯೇ ಒಂದು ಸಂಜೆ ಪೂರ್ತಿ ಹಚ್ಚಿಕೊಂಡು, ಕತ್ತಲೆ ಕೋಣೆಯಲ್ಲಿ ಫ್ಲ್ಯಾಷ್ ಹಾಕಿ, ಕಿವಿ ಮತ್ತು ಕತ್ತು ಕಾಣುವಂತೆ ಫೋಟೊ ತೆಗೆದು, ಓಲೆಯ ಪಕ್ಕದ ಕೆನ್ನೆಯೂ ಓಲೆ ತೂಗುವ ಕಿವಿಯೂ ಒಂದೇ ಬಣ್ಣದಲ್ಲಿವೆಯೇ ಎಂದು ನೋಡಿಕೊಳ್ಳಬೇಕು.