ವೀರಗಲ್ಲು ಮತ್ತು ರಕ್ತಸಾಕ್ಷಿ: ವೀರಕಲ್ಪನೆಯ ಎರಡು ನೆಲೆಗಳು

ಶಿಕಾರಿಪುರ, ಸೊರಬ ತಾಲ್ಲೂಕುಗಳ ವೀರಗಲ್ಲು ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ 7 ಮತ್ತು 8ನೆಯ ಸಂಪುಟಗಳಲ್ಲಿ (1902, 1904) ಪ್ರಕಟಿಸಿದ ಬಿ. ಎಲ್. ರೈಸ್ ಕ್ರೈಸ್ತ ಮಿಷನರಿಯೊಬ್ಬರ ಮಗ. ಆತನ ಮನೆಯ ಧರ್ಮ ಬಲ್ಲ ವೀರನೇ ಬೇರೆ. ತುರುಗಾಳಗದಲ್ಲಿ ಮಡಿದವನು ಕಲ್ಲಿನ ಕೆಳಪಟ್ಟಿಕೆಯಲ್ಲಿ ಶತ್ರುವನ್ನು ಇರಿಯುತ್ತಾನೆ. ಮೇಲೆ ಅಪ್ಸರೆಯರೊಡನೆ ದೇವಸನ್ನಿಧಿಗೆ ಏರುತ್ತಾನೆ. ಕ್ರೈಸ್ತರ ಪ್ರಥಮ ರಕ್ತಸಾಕ್ಷಿ ಸ್ತೆಫನನಾದರೋ ತನ್ನ ಮೇಲೆ ಕಲ್ಲೆಸೆದವರ ಕ್ಷಮೆಗಾಗಿ ಪ್ರಾರ್ಥಿಸುತ್ತ ಪ್ರಾಣ ಬಿಡುತ್ತಾನೆ.

ಇಬ್ಬರಿಗೂ ಸಾವೇ ಸ್ವರ್ಗದ ಬಾಗಿಲೆಂದು ಸಮೀಕರಿಸುವುದು ಸುಲಭ. ಆದರೆ ಒಬ್ಬನಿಗೆ ಶತ್ರು ಗೆಲ್ಲಬೇಕಾದವನು, ಇನ್ನೊಬ್ಬನಿಗೆ ಕ್ಷಮಿಸಬೇಕಾದವನು. ಶಸ್ತ್ರವಿಲ್ಲದ ಸಾವಿನ ಗೌರವ ಈ ನೆಲಕ್ಕೆ ಹೊಸದಲ್ಲ. ಸೊರಬ ತಾಲ್ಲೂಕಿನ ಉದ್ರಿಯ ಜೈನ ನಿಸಿಧಿಗಲ್ಲುಗಳೇ ಸಾಕ್ಷಿ. ಅಲ್ಲಿ ಹಂತಕನೇ ಇಲ್ಲ. ಆದುದರಿಂದ ವೀರತ್ವದ ತೌಲನಿಕ ಅಧ್ಯಯನವು ಮಡಿದವನ ಜೊತೆಗೆ ಕೊಂದವನ ಸ್ಥಾನವನ್ನೂ ವಿಚಾರಿಸಬೇಕು.