ಮನೆ ಕೆಡವಿದ ಜಾಗದಲ್ಲಿ ಪ್ರಾರ್ಥನೆ

ರಶ್ಯದ ಆಂದ್ರೇ ಝ್ವ್ಯಾಗಿಂತ್ಸೆವ್ ನಿರ್ದೇಶನದ ‘ಲೆವಿಯಾಥನ್’ (2014) ಚಿತ್ರವನ್ನು ಧರ್ಮವಿರೋಧಿ ಎಂದು ಜರೆದವರಿದ್ದಾರೆ. ನಾವದನ್ನು ಒಪ್ಪುವುದಿಲ್ಲ.

ಉತ್ತರದ ಕಡಲಂಚಿನ ಊರೊಂದರಲ್ಲಿ ಮೆಕ್ಯಾನಿಕ್ ಕೋಲ್ಯಾನ ಮನೆಯನ್ನು ಮೇಯರ್ ಕಸಿದುಕೊಳ್ಳಲು ಹೊರಟಿದ್ದಾನೆ. ಅವನು ಅಳುಕಿದಾಗ ಧೈರ್ಯ ತುಂಬುವವರು ಆರ್ಥೊಡಾಕ್ಸ್ ಬಿಷಪ್. ಅಧಿಕಾರವೆಲ್ಲ ದೇವರು ಕೊಟ್ಟದ್ದು ಎಂಬುದು ಅವರ ಅಭಯ. ಕೊನೆಗೆ ಕೋಲ್ಯಾ ಹೆಂಡತಿಯ ಕೊಲೆ ಆರೋಪದಲ್ಲಿ ಜೈಲು ಸೇರುತ್ತಾನೆ. ಮನೆಯಿದ್ದ ಜಾಗದಲ್ಲಿ ಹೊಸ ಚರ್ಚು ಏಳುತ್ತದೆ. ಅಲ್ಲಿ ಅದೇ ಬಿಷಪ್ ಸತ್ಯದ ಕುರಿತು ಪ್ರವಚನ ನೀಡುತ್ತಾರೆ. ಮೇಯರ್ ಸಂಸಾರ ಸಮೇತ ಆಲಿಸುತ್ತಾನೆ.

1721ರಲ್ಲಿ ದೊರೆ ಪೀಟರ್ ಈ ಚರ್ಚನ್ನು ಸರಕಾರಿ ಇಲಾಖೆಯಂತಾಗಿಸಿದ. 1931ರಲ್ಲಿ ಸ್ಟಾಲಿನ್ ಆಡಳಿತ ಮಾಸ್ಕೋದ ರಕ್ಷಕ ಕ್ರಿಸ್ತನ ಕೆಥೆಡ್ರಲನ್ನೇ ಸ್ಫೋಟಿಸಿ ಕೆಡವಿತು. ನೆಲಸಮವಾಗುವ ನೋವು ಏನೆಂದು ಬಲ್ಲ ಚರ್ಚೇ ಬಡವನ ಮನೆಯ ಅವಶೇಷದ ಮೇಲೆ ನಿಲ್ಲುವುದು ಈ ಚಿತ್ರದ ದುರಂತ.

ರೊಟ್ಟಿಯ ಚೀಲ ಹೊತ್ತು ಸಾಗುವ ಊರ ಪಾದ್ರಿಯೂ ಇಲ್ಲಿದ್ದಾರೆ. ಅವರು ಕೋಲ್ಯಾನಿಗೆ ಯೋಬನ, ನಾವು ಅಯ್ಯೂಬ್ ಎಂದು ಬಲ್ಲ ಪ್ರವಾದಿಯ, ಸಹನೆಯ ಕಥೆ ಹೇಳುತ್ತಾರೆ. ನಿರ್ದೇಶಕರು ಅವರಿಗೆ ಇನ್ನಷ್ಟು ಜಾಗ ಕೊಡಬೇಕಿತ್ತು ಎಂಬುದು ನಮ್ಮ ತಕರಾರು. ಆದರೂ ಯಾವ ಧರ್ಮದವರೂ ತಪ್ಪಿಸಿಕೊಳ್ಳಲಾಗದ ಪ್ರಶ್ನೆಯೊಂದು ಉಳಿಯುತ್ತದೆ: ಬಡವನಿಗೆ ಸಹನೆ ಬೋಧಿಸುವವರಿದ್ದಾರೆ, ಮೇಯರನಿಗೆ ನ್ಯಾಯ ಬೋಧಿಸುವವರು ಯಾರು?