ಕಾಂಟೆಸಾಗೆ ದುಡ್ಡು ಕೊಟ್ಟವರು ಯಾರು?

ಹೋದ ತಿಂಗಳು ಐದನೇ ತಾರೀಕು ಬೆಳಿಗ್ಗೆ ನನ್ನ ಫೋನಿಗೆ ಎರಡು ಮೆಸೇಜು ಬಂದವು. ಮೊದಲನೆಯದು ಬ್ಯಾಂಕಿನದು, ಕಂತು ಕಟ್ ಆಗಿದೆ ಅಂತ. ಎರಡನೆಯದು ನಮ್ಮ ಹಾಸ್ಟೆಲ್ ಗ್ರೂಪಿನದು, ‘ಕಿರಿಕ್ ಪಾರ್ಟಿ’ ಸಿನಿಮಾದ ಒಂದು ತುಣುಕು. ಮೆಕ್ಯಾನಿಕಲ್ ಹುಡುಗರು ದುಡ್ಡು ಕೂಡಿಸಿ ಹಳೇ ಕಾಂಟೆಸಾ ಕಾರು ತಗೊಂಡು ಮೆರೆಯೋ ಭಾಗ. ಕೆಳಗೆ ಗಂಗಾವತಿ ಬರೆದಿದ್ದ: “ಲೇ, ಇದು ನಾವ ಅಲ್ಲೇನು? ಗೋವಾಕ್ಕ ಹೋಗೂನು ನಡೀರಿ, ತಲಿಗೆ ಹನ್ನೆರಡು ಸಾವಿರ.”

ಗಂಗಾವತಿ ಅನ್ನೋದು ಊರಲ್ಲ, ಮನುಷ್ಯ. ಹುಬ್ಬಳ್ಳಿಯಲ್ಲಿ ಬಿ.ಇ. ಓದುವಾಗ ನಾವು ನಾಲ್ಕು ಜನ ಒಂದೇ ರೂಮಿನಲ್ಲಿದ್ದೆವು. ಆಗ ಕೊಪ್ಪಳ ಜಿಲ್ಲೆಗೆ ಇದ್ದದ್ದು ನಾಲ್ಕೇ ತಾಲೂಕು (ಕಾರಟಗಿ, ಕನಕಗಿರಿ, ಕುಕನೂರು ಆಮೇಲೆ ಆದವು), ರೂಮಿನಲ್ಲಿ ತಾಲೂಕಿಗೊಬ್ಬ. ಸೀನಿಯರ್‌ಗಳು ಮೊದಲ ವಾರವೇ ನಮ್ಮ ಹೆಸರು ಕಿತ್ತುಹಾಕಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅಂತ ಕರೆದರು. ಹದಿನೈದು ವರ್ಷ ದಾಟಿದರೂ ಫೋನಿನಲ್ಲಿ ಹಾಗೇ ಇದೆ. ನಾನು ಕುಷ್ಟಗಿ.

ಆ ರಾತ್ರಿ ಮಗಳು ಮಲಗಿದ ಮೇಲೆ ಸಿನಿಮಾ ಪೂರ್ತಿ ಇನ್ನೊಮ್ಮೆ ನೋಡಿದೆ. ಆಮೇಲಿನ ಎರಡು ವಾರದಲ್ಲಿ ‘ಮುಂಗಾರು ಮಳೆ’, ‘ದುನಿಯಾ’ ಕೂಡ ನೋಡಿದೆ. ಮೂರೂ ನನಗೆ ಇಷ್ಟದ ಸಿನಿಮಾಗಳೇ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದರೆ ಮೂವತ್ತೈದು ದಾಟಿ, ಕಂತು ಕಟ್ಟುವ ಕಣ್ಣಿನಿಂದ ನೋಡಿದಾಗ ಇವು ಮೊದಲು ಕಾಣದಿದ್ದ ಒಂದು ಜಾಗದಲ್ಲಿ ನನಗೆ ತಡವರಿಸಿದವು.

‘ಮುಂಗಾರು ಮಳೆ’ ಬಿಡುಗಡೆ ಆದದ್ದು 2006ರ ಡಿಸೆಂಬರ್ ಕೊನೆಗೆ. ನಾವು ಫಸ್ಟ್ ಸೆಮ್‌ನಲ್ಲಿದ್ದೆವು. ಬೆಂಗಳೂರಿನ ಪಿವಿಆರ್‌ನಲ್ಲಿ ಅದು ವರ್ಷಕ್ಕೂ ಮೀರಿ ಓಡಿತು, ನಮ್ಮ ರೂಮಿನಲ್ಲಿ ನಾಲ್ಕು ವರ್ಷ ಓಡಿತು. ಯೋಗರಾಜ ಭಟ್ಟರು ಅಲ್ಲಿ ಮಾಡಿದ ಕೆಲಸವನ್ನ ಈಗಲೂ ದೊಡ್ಡದು ಅಂತೀನಿ. ಅದುವರೆಗೆ ನಮ್ಮ ಹೀರೋ ಮಾತಾಡುತ್ತಿದ್ದದ್ದು ಡೈಲಾಗು. ಗಣೇಶ್ ಮಾತಾಡಿದ್ದು ಹರಟೆ. ಎದುರಿಗೆ ಯಾರೂ ಸಿಗದಿದ್ದರೆ ದೇವದಾಸ ಅನ್ನೋ ಮೊಲದ ಜೊತೆ ಮಾತಾಡ್ತಾನೆ. ಕೆಲಸಕ್ಕೆ ಬಾರದ ಮಾತಿಗೂ ಒಂದು ಬೆಲೆ ಇದೆ ಅಂತ ನಮಗೆ ತೋರಿಸಿಕೊಟ್ಟ ಸಿನಿಮಾ ಅದು. ಹಳ್ಳಿಯಿಂದ ಬಂದ ಹುಡುಗರಿಗೆ ಅದು ಸಣ್ಣ ಬಿಡುಗಡೆ ಅಲ್ಲ. ನಮ್ಮನೇಲಿ ಸುಮ್ಮನೆ ಕೂತು ಮಾತಾಡಿದರೆ “ಏನು ಕೆಲಸ ಇಲ್ಲೇನು ನಿನಗ?” ಅಂತಿದ್ದರು.

ಆದರೆ ಈ ಪ್ರೀತಂ ಸಿರಿವಂತರ ಮಗ. ಸುಮ್ಮನೆ ಮಡಿಕೇರಿಗೆ ಹೋಗಬಲ್ಲ, ಹೋದವನು ಅಲ್ಲೇ ಉಳಿಯಬಲ್ಲ. ಇದು ಕಥೆಗೆ ಬೇಕಾದ ಅನುಕೂಲ, ತಕರಾರಿಲ್ಲ. ನನ್ನ ತಕರಾರು ಇರೋದು ನಮ್ಮ ಬಗ್ಗೆ. ನಾವು ನಾಲ್ಕೂ ಜನ ಅವನ ಅಂಗಿ, ಅವನ ಕೂದಲು, ಅವನ ಮಾತಿನ ಧಾಟಿ ಎಲ್ಲಾ ಎತ್ತಿಕೊಂಡೆವು. ಅವನಪ್ಪನ ದುಡ್ಡು ಮಾತ್ರ ಎತ್ತಿಕೊಳ್ಳೋಕೆ ಬರಲಿಲ್ಲ. ಅದು ಇಲ್ಲ ಅನ್ನೋದು ಗೊತ್ತಾಗದ ಹಾಗೆ ನಾಲ್ಕು ವರ್ಷ ಬದುಕಿದೆವು. ಗೊತ್ತಾಗದ ಹಾಗೆ ನೋಡಿಕೊಂಡವರು ಊರಲ್ಲಿದ್ದರು.

‘ದುನಿಯಾ’ ಬಂದದ್ದು ಅದರ ಬೆನ್ನಿಗೇ, 2007ರ ಫೆಬ್ರುವರಿಯಲ್ಲಿ. ಸೂರಿಯ ಶಿವಲಿಂಗು ಕಲ್ಲುಕ್ವಾರಿಯಲ್ಲಿ ಕೆಲಸ ಮಾಡೋ ಹುಡುಗ. ಸತ್ತ ತಾಯಿಗೊಂದು ಸಮಾಧಿ ಕಟ್ಟಿಸಬೇಕು ಅನ್ನೋದು ಅವನ ಆಸೆ. ಅವನಿಗೂ ನಮ್ಮ ವಯಸ್ಸೇ. ಅವನ ಪ್ರತಿ ಆಸೆಗೂ ಒಂದು ರೇಟಿದೆ, ರೇಟು ಅವನಿಗೆ ಗೊತ್ತಿದೆ. ನಾವು ಮೂವರು ಒಂದು ಸಲ ನೋಡಿ ಸುಮ್ಮನಾದೆವು. ಯಲಬುರ್ಗಾ ಮಾತ್ರ ಮೂರು ಸಲ ನೋಡಿದ. ಅವನ ಮನೆಯವರು ಮಳೆ ಕೈಕೊಟ್ಟ ವರ್ಷ ಗುಳೆ ಹೋಗುತ್ತಿದ್ದರು, ಮಂಗಳೂರು ಕಡೆ ಕಟ್ಟಡದ ಕೆಲಸಕ್ಕೆ. ಅವನು ಅದನ್ನ ನಮಗೆ ಹೇಳಿದ್ದು ಕೆಲಸ ಸಿಕ್ಕಮೇಲೆ. “ಏನಲೇ, ದಿನಾ ಅಳು ಪಿಚ್ಚರ್ ನೋಡ್ತಿ” ಅಂತ ನಾನು ಅವನನ್ನ ಕಾಡಿದ್ದು ನೆನಪಿದೆ. ಈಗ ನೋಡಿದರೆ ನಮ್ಮ ಜಿಲ್ಲೆಯ ಹುಡುಗರ ಸಿನಿಮಾ ಅದೇ ಆಗಿತ್ತು. ಆದರೂ ಇವತ್ತು ಯಾರೂ ಅದರ ತುಣುಕನ್ನ ಗ್ರೂಪಿಗೆ ಹಾಕಿ ‘ಇದು ನಾವೇ’ ಅನ್ನಲ್ಲ.

ಇನ್ನು ‘ಕಿರಿಕ್ ಪಾರ್ಟಿ’. 2016ರ ಡಿಸೆಂಬರ್ ಕೊನೆಗೆ ಬಂತು, ‘ಮುಂಗಾರು ಮಳೆ’ಯಾಗಿ ಸರಿಯಾಗಿ ಹತ್ತು ವರ್ಷಕ್ಕೆ. ರಿಷಬ್ ಶೆಟ್ಟಿ ನಿರ್ದೇಶನ, ಹಾಸನದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಚಿತ್ರೀಕರಣ. ಬಿ.ಇ. ಹಾಸ್ಟೆಲನ್ನ ಇಷ್ಟು ಸರಿಯಾಗಿ ತೆರೆಗೆ ತಂದ ಕನ್ನಡ ಸಿನಿಮಾ ನಾನು ನೋಡಿದ್ದರಲ್ಲಿ ಇನ್ನೊಂದಿಲ್ಲ. ಕಾರಿಡಾರಿನ ಗದ್ದಲ, ಸೀನಿಯರ್‌ಗಳ ಗತ್ತು, ಹುಡುಗಿ ಇಲ್ಲದ ಬ್ರಾಂಚಿನ ಸಂಕಟ, ಎಲ್ಲಾ ಸರಿ. ನನ್ನ ಮಟ್ಟಿಗೆ ಸಿನಿಮಾದ ಜೀವ ಇರೋದು ಆ ಕಾಂಟೆಸಾದಲ್ಲಿ. ಒಬ್ಬನ ಜೇಬಲ್ಲಿ ಇಲ್ಲದ್ದು ಹತ್ತು ಜನರ ಜೇಬಲ್ಲಿ ಇರುತ್ತೆ ಅನ್ನೋದನ್ನ ಹಾಸ್ಟೆಲಿನಲ್ಲಿದ್ದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ನಾಲ್ವರು ಸೇರಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಗೊಂಡಿದ್ದು ಹಾಗೇ. ಸಿಪಿಯು ಕೊಪ್ಪಳದ್ದು, ಮಾನಿಟರ್ ಗಂಗಾವತಿಯದ್ದು, ಕೀಬೋರ್ಡು ಮೌಸು ನಮ್ಮಿಬ್ಬರದ್ದು ಅಂತ ಪಾಲು. ಜಗಳ ಆದಾಗ ಮೌಸ್ ಕಿತ್ತುಕೊಂಡು ಹೋಗುತ್ತಿದ್ದೆ.

ಸಿನಿಮಾ ಆ ದುಡ್ಡಿನ ಹಿಂದೆ ಇನ್ನೊಂದು ಹೆಜ್ಜೆ ಹೋಗಿದ್ದರೆ? ಹುಡುಗರ ಜೇಬಿನಿಂದ ಬಂತು, ಸರಿ. ಜೇಬಿಗೆ ಎಲ್ಲಿಂದ ಬಂತು? ಅಲ್ಲಿಗೆ ಕ್ಯಾಮೆರಾ ಹೋಗಲ್ಲ. ಕರ್ಣ ಬದಲಾಗ್ತಾನೆ, ದೊಡ್ಡವನಾಗ್ತಾನೆ. ಯಾವುದರಿಂದ? ಸಾನ್ವಿಯ ಸಾವಿನಿಂದ. ಪ್ರೀತಂ ದೊಡ್ಡವನಾಗೋದು ನಂದಿನಿಯನ್ನ ಬಿಟ್ಟುಕೊಟ್ಟು. ಇದನ್ನ ಗಮನಿಸಿದಮೇಲೆ ನನಗೆ ತಲೆಯಿಂದ ಹೋಗುತ್ತಿಲ್ಲ. ಈ ಎರಡರಲ್ಲೂ ಹುಡುಗ ಗಂಡಸಾಗೋಕೆ ಇರೋದು ಒಂದೇ ದಾರಿ, ಎದೆ ಒಡೆಯಬೇಕು. ತೆರಬೇಕಾದ ಬೆಲೆ ಏನಿದ್ದರೂ ಹೃದಯದಲ್ಲೇ. ಸಾಲಪತ್ರಕ್ಕೆ ಸಹಿ ಹಾಕಿ ದೊಡ್ಡವರಾದವರು ಅಲ್ಲಿಲ್ಲ. ನಾನು ದೊಡ್ಡವನಾದದ್ದು ಹಾಗೆ, ಇದನ್ನ ಓದುತ್ತಿರೋ ಬಹಳ ಜನರೂ ಹಾಗೇ ಅಂತ ಗೊತ್ತು.

“ಸಿನಿಮಾ ಏನು ಆಡಿಟ್ ರಿಪೋರ್ಟಾ?” ಅಂತ ನಮ್ಮಾಕಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಎರಡೂವರೆ ಗಂಟೆ ನಗೋಕೆ ಹೋದವರಿಗೆ ಫೀಸಿನ ರಸೀದಿ ತೋರಿಸಬೇಕಿಲ್ಲ. ಆದರೆ ಈ ಸಿನಿಮಾಗಳನ್ನ ನಾವು ನಗೋಕಷ್ಟೇ ಬಳಸ್ತಿಲ್ಲ. ಹಳೇ ಫೋಟೋ ಆಲ್ಬಮ್ಮಿನ ಹಾಗೆ ಬಳಸ್ತಿದ್ದೀವಿ. ಅಲ್ಲಿ ಅಪ್ಪ ಇಲ್ಲದಿದ್ದರೆ ನಮ್ಮ ನೆನಪಿನಲ್ಲೂ ಅಪ್ಪ ಇರಲ್ಲ. ‘ಆಗ ಎಷ್ಟು ಆರಾಮಿದ್ವಿ, ಈಗ ನೋಡು’ ಅನ್ನೋ ಮಾತಿಗೆ ಇವು ಸಾಕ್ಷಿ ಹೇಳ್ತವೆ. ಆ ಸಾಕ್ಷಿ ಅರ್ಧ ಸುಳ್ಳು.

ನನ್ನ ‘ಈಗ ನೋಡು’ ಇಷ್ಟು. 2021ರ ಮಧ್ಯದಲ್ಲಿ ಕೆಂಗೇರಿ ಆಚೆಗೆ ಎರಡು ಬೆಡ್‌ರೂಮಿನ ಫ್ಲಾಟಿಗೆ 45 ಲಕ್ಷ ಸಾಲ ಮಾಡಿದೆ. ಶೇ 6.75 ಬಡ್ಡಿ, 20 ವರ್ಷ, ತಿಂಗಳಿಗೆ 34 ಸಾವಿರ ಚಿಲ್ಲರೆ. 2022ರ ಮೇ ತಿಂಗಳಿಂದ ಮರುವರ್ಷ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನ ಶೇ 4ರಿಂದ 6.5ಕ್ಕೆ ಏರಿಸಿತು. ನನ್ನ ಬಡ್ಡಿ 9.25 ಆಯ್ತು. ಒಂದು ಭಾನುವಾರ ಕೂತು ಲೆಕ್ಕ ಹಾಕಿದರೆ ಕಟ್ಟುತ್ತಿದ್ದ 34 ಸಾವಿರದಲ್ಲಿ ಅಸಲಿಗೆ ಸೇರುತ್ತಿದ್ದದ್ದು ಆರುನೂರು ರೂಪಾಯಿಯಷ್ಟು. ಹಾಗೇ ಬಿಟ್ಟಿದ್ದರೆ ತೀರೋಕೆ 40 ವರ್ಷ ದಾಟುತ್ತಿತ್ತು. ಕಂತನ್ನ 41 ಸಾವಿರಕ್ಕೆ ಏರಿಸಿಕೊಂಡೆ. ಮಗಳ ಸ್ಕೂಲು, ಕಾರು, ಅತ್ತೆಯ ಔಷಧಿ ಇವುಗಳ ಪಟ್ಟಿ ಓದಿಸಿ ನಿಮ್ಮ ತಲೆ ತಿನ್ನಲ್ಲ, ನಿಮ್ಮದೂ ಅದೇ ಇರುತ್ತೆ.

ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಜನವರಿಯಲ್ಲಿ ಊರಿಗೆ ಹೋದೆ. ಕೊಪ್ಪಳದ ಗವಿಮಠದ ಜಾತ್ರೆ ಟೈಮು. ತೇರು ನೋಡಿಕೊಂಡು ಊರು ಮುಟ್ಟಿದ ದಿನ ರಾತ್ರಿ, ಸಜ್ಜಿ ರೊಟ್ಟಿ ಮುರೀತಾ ಅಪ್ಪನ ಹತ್ತಿರ ಮಾತು ತೆಗೆದೆ. ನಮ್ಮದು ಎರೆಹೊಲ ನಾಲ್ಕು ಎಕರೆ, ಮಸಾರಿ ಎರಡು ಎಕರೆ. ಮಸಾರಿಯನ್ನ ನಾನು ಓದುವಾಗಿನಿಂದ ಬೇರೆಯವರೇ ಉಳ್ತಾ ಇದ್ದರು, ಲಾವಣಿಗೆ ಕೊಟ್ಟೀವಿ ಅಂದಿದ್ದರು.

“ಯಪ್ಪಾ, ಆ ಮಸಾರಿಯಿಂದ ಏನು ಬರ್ತದ? ಮಾರಿದ್ರ ನನ್ನ ಸಾಲದಾಗ ಒಂದಿಷ್ಟು ಕಡಿಮಿ ಆಗ್ತಿತ್ತು.”

ಅಪ್ಪ ಮಾತಾಡಲಿಲ್ಲ. ಒಲೆ ಮುಂದಿನಿಂದ ಅವ್ವ ಹೇಳಿದಳು: “ಅದು ಈಗ ನಮ್ಮದಲ್ಲಪಾ. ನೀ ಮೂರನೇ ವರ್ಷ ಇದ್ದಾಗ ಹೋತು. ದಲಾಲಿ ಅಂಗಡ್ಯಾಗಿನ ಸಾಲ ಬೆಳಕೋತ ಹೊಂಟಿತ್ತು. ನಿನಗ್ಯಾಕ ಹೇಳೂದು, ಪರೀಕ್ಷಾ ಅದಾವ ಅಂತ ಸುಮ್ಮನಾದ್ವಿ.”

ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ವರ್ಷಕ್ಕೆ ಶೇ 24. ನಾನು ಒಂಬತ್ತೂಕಾಲಿಗೆ ನಿದ್ದೆ ಕೆಟ್ಟಿದ್ದೆ. ಕೆಲಸ ಸಿಕ್ಕ ಎರಡೇ ವರ್ಷಕ್ಕೆ ಬ್ಯಾಂಕಿನ ಎಜುಕೇಶನ್ ಲೋನ್ ತೀರಿಸಿ, ‘ನನ್ನ ಓದಿನ ಸಾಲ ನಾನೇ ತೀರಿಸಿದೆ’ ಅಂತ ಎಷ್ಟು ಕಡೆ ಹೇಳಿದ್ದೆನೋ. ಮೂರನೇ ವರ್ಷ ಅಂದರೆ 2008–09. ನಾವು ಹಾಸ್ಟೆಲ್ ಟೆರೇಸಿನ ಮೇಲೆ ಕೂತು ‘ಗಾಳಿಪಟ’ದ ಹಾಡು ಹಾಡುತ್ತಿದ್ದ ವರ್ಷ.

ಮರುದಿನ ಮಧ್ಯಾಹ್ನ ಅಪ್ಪನ ಎದುರು ಕೂರೋಕೆ ಒಂದು ನೆಪ ಬೇಕಿತ್ತು. ಅವನಿಗೆ ಇಷ್ಟ ಅಂತ ‘ಬಂಗಾರದ ಮನುಷ್ಯ’ವನ್ನ ಮೊಬೈಲಿನಲ್ಲಿ ಹಚ್ಚಿಕೊಟ್ಟೆ. 1972ರ ಸಿನಿಮಾ. ಟಿ.ಕೆ. ರಾಮರಾವ್ ಕಾದಂಬರಿ, ಸಿದ್ದಲಿಂಗಯ್ಯ ನಿರ್ದೇಶನ. ಓದಿದ ಹುಡುಗರು ಇದನ್ನ ನೋಡಿ ಹಳ್ಳಿಗೆ ವಾಪಸಾದರು ಅನ್ನೋ ಮಾತು ಕೇಳಿರ್ತೀರಿ. ನನಗೆ ಚಿಕ್ಕಂದಿನಿಂದ ಅದು ಉಪದೇಶದ ಸಿನಿಮಾ ಅನಿಸಿತ್ತು. ಪಾತ್ರಗಳು ವೇದಿಕೆ ಮೇಲೆ ನಿಂತಂಗೆ ನಿಂತು ಮಾತಾಡ್ತವೆ, ಒಳ್ಳೆಯವನು ಬಹಳ ಒಳ್ಳೆಯವನು. ಈ ದೂರು ಈಗಲೂ ಇದೆ. ಆದರೆ ಒಂದು ವಿಷಯದಲ್ಲಿ ಅದು ‘ಕಿರಿಕ್ ಪಾರ್ಟಿ’ಗಿಂತ ಗಟ್ಟಿ. ದುಡ್ಡು ಎಲ್ಲಿಂದ ಬಂತು, ಯಾರಿಗೆ ಹೋಯ್ತು ಅನ್ನೋದು ಅಲ್ಲಿ ಕಥೆಯ ಬೆನ್ನೆಲುಬು. ಗಂಡ ಸತ್ತ ಅಕ್ಕನ ಸಂಸಾರವನ್ನ, ಅದರ ಸಾಲವನ್ನ ರಾಜೀವ ಹೆಗಲಿಗೆ ತಗೊಳ್ತಾನೆ. ಕೊನೆಗೆ ಅವನು ಬೆಳೆಸಿದ ಸೋದರಳಿಯ ಕೇಶವನೇ ಆಸ್ತಿಯ ಲೆಕ್ಕ ಕೇಳ್ತಾನೆ. ರಾಜೀವ ಎದ್ದು ಹೋಗ್ತಾನೆ.

ಥಿಯೇಟರಿನಲ್ಲಿ ಜನ ಕೇಶವನಿಗೆ ಶಾಪ ಹಾಕುತ್ತಿದ್ದರು ಅಂತ ಅಪ್ಪನೇ ಹಿಂದೆ ಹೇಳಿದ್ದ. ವಜ್ರಮುನಿ ಬೇರೆ, ಕೇಳಬೇಕೆ! ಆ ದೃಶ್ಯ ಬರೋ ಹೊತ್ತಿಗೆ ನನಗೆ ಮೊಬೈಲ್ ಕಸಿದುಕೊಂಡು ಆಫ್ ಮಾಡಬೇಕು ಅನಿಸಿತು. ಹಿಂದಿನ ರಾತ್ರಿ ರೊಟ್ಟಿ ಮುರೀತಾ ನಾನು ಕೇಳಿದ್ದು ಮತ್ತೇನು?

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ. “ಆ ಹುಡುಗನೂ ಕೆಟ್ಟಾಂವ ಅಲ್ಲ ಬಿಡು ತಮ್ಮಾ,” ಅಂದ. “ಅವಂಗ ಯಾರೂ ಮೊದಲ ಹೇಳಿರಲಿಲ್ಲ.”

ಇಷ್ಟು ಸಿನಿಮಾ ವಿಮರ್ಶೆ ನಾನು ಎಲ್ಲೂ ಓದಿಲ್ಲ. ಆ ದೃಶ್ಯದ ಊನ ಇರೋದು ಅಲ್ಲೇ. ಸಿದ್ದಲಿಂಗಯ್ಯ ಕೇಶವನನ್ನ ಕೃತಘ್ನ ಮಾಡಿ ಕೈತೊಳೆದುಕೊಂಡರು. ಗೊತ್ತಿಲ್ಲದ ಹುಡುಗನಾಗಿ ತೋರಿಸಿದ್ದರೆ ಸಿನಿಮಾ ಇನ್ನೂ ನೋಯಿಸುತ್ತಿತ್ತು. ಮನೆಯವರು ಮುಚ್ಚಿಟ್ಟರು, ಹುಡುಗ ಆರಾಮಾಗಿದ್ದ. ಆ ಮುಚ್ಚಿಡುವಿಕೆಯ ಬಗ್ಗೆ ನಮ್ಮಲ್ಲಿ ಯಾರಾದರೂ ಒಂದು ಕಾಲೇಜ್ ಸಿನಿಮಾ ಮಾಡಲಿ ಅನ್ನೋದು ನನ್ನ ಆಸೆ. ಹಾಡು ಇರಲಿ, ಬೈಕ್ ಇರಲಿ, ಹುಡುಗಿಯೂ ಇರಲಿ. ನಡುವೆ ಒಂದೇ ಒಂದು ಸಲ, ಕುಷ್ಟಗಿ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಟವೆಲು ಹೆಗಲಿಗೆ ಹಾಕಿಕೊಂಡು ಗಾದಿ ಅಂಚಿಗೆ ಕೂತ ಒಬ್ಬ ಮನುಷ್ಯ ಕಂಡರೆ ಸಾಕು. ಏನೂ ಮಾತಾಡೋದು ಬೇಡ.

ಇದೆಲ್ಲಾ ಮುಗಿದ ಮೇಲೂ ಗ್ರೂಪಿನಲ್ಲಿ ಗೋವಾದ ಮಾತು ನಿಂತಿರಲಿಲ್ಲ. ಕೊಪ್ಪಳ ರೂಮ್ ರೇಟು ಹಾಕಿದ್ದ. ಯಲಬುರ್ಗಾ ಎಂದಿನಂತೆ ಹೆಬ್ಬೆಟ್ಟು ಒತ್ತಿ ಸುಮ್ಮನಿದ್ದ. ನಾನು ಒಂದು ಪ್ರಶ್ನೆ ಟೈಪ್ ಮಾಡಿದೆ, ಎರಡು ಸಲ ಅಳಿಸಿದೆ, ಆಮೇಲೆ ಕಳಿಸಿದೆ: “ನಮ್ಮ ಥರ್ಡ್ ಇಯರ್ ಫೀಸು ನಿಮ್ಮ ಮನ್ಯಾಗ ಹೆಂಗ ಹೊಂದಿಸಿದ್ರು?”

ನನ್ನ ಮನಸ್ಸಿನಲ್ಲಿದ್ದದ್ದು ಯಲಬುರ್ಗಾ. ಉತ್ತರ ಬಂದರೆ ಅವನಿಂದ ಬರುತ್ತೆ ಅಂದುಕೊಂಡಿದ್ದೆ. ಗಂಗಾವತಿಯ ಬಗ್ಗೆ ಯೋಚನೆಯೇ ಇರಲಿಲ್ಲ. ಅವನದು ಎಡದಂಡೆ ಕಾಲುವೆಯ ನೀರು, ವರ್ಷಕ್ಕೆ ಎರಡು ಬೆಳೆ ಭತ್ತ, ರೂಮಿನಲ್ಲಿ ಮೊದಲು ಬೈಕ್ ತಂದವನು. ನಾವು ಮಳೆ ನೋಡುವವರು, ಅವನು ಕಾಲುವೆ ನೋಡುವವನು ಅಂತ ನಾಲ್ಕು ವರ್ಷ ಅವನನ್ನ ಸಾವ್ಕಾರ ಅಂತಲೇ ರೇಗಿಸಿದ್ದೆವು.

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಅವನೇ ಬರೆದ.

“ಅವ್ವನ ಬೋರಮಾಳ. ಯಾಕ ಕೇಳಾಕತ್ತಿ?”